ಬೆಟ್ಟಕ್ಕೆ ಬೆನ್ನು ಹಾಕಿದವಳು

ನನ್ನ ಗಂಡ ಐವಿಂಡ್‌ಗೆ ಬೆಟ್ಟಗಳೆಂದರೆ ಅಷ್ಟಕ್ಕಷ್ಟೇ. ಅವನು ಕಡಲಿನ ಮಗ, ಹೆರಿಂಗ್ ಮೀನಿನ ದೋಣಿಯಲ್ಲೇ ಬೆಳೆದವನು. ನನ್ನನ್ನು ಮದುವೆಯಾದ ತಪ್ಪಿಗೆ ಬೇಸಿಗೆ ಪೂರ್ತಿ ಕ್ಯಾಮೆರಾ ಪೆಟ್ಟಿಗೆ, ಅದರ ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಪ್ಲೇಟುಗಳ ಡಬ್ಬ ಎಲ್ಲ ಹೊತ್ತುಕೊಂಡು ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ನನ್ನ ಹಿಂದೆ ಅಲೆಯುತ್ತಿದ್ದ. ಏರು ಬಂತೆಂದರೆ ಗೊಣಗಾಟ ಶುರು.

“ಹೆಣ್ಣು ಕೊಡುವಾಗ ನಿಮ್ಮಪ್ಪ ಇಷ್ಟು ಭಾರ ಇದೆ ಅಂತ ಹೇಳಿರಲಿಲ್ಲ ನೋಡು.”

“ನಾನೇನು ಭಾರ ಇಲ್ಲ. ಪೆಟ್ಟಿಗೆ ಭಾರ.”

“ಎರಡೂ ಒಂದೇ. ಪೆಟ್ಟಿಗೆ ಬಿಟ್ಟು ನಿನ್ನನ್ನ ಯಾವತ್ತು ನೋಡಿದ್ದೀನಿ?”

ಹಾಗೆ ಗೊಣಗಿದರೂ ಅವನ ಕೈಯಲ್ಲಿ ಒಂದು ಗಾಜೂ ಒಡೆದದ್ದಿಲ್ಲ.

ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ನಮ್ಮ ಕಡಲ ತೋಳಿಗೆ ಇಂಗ್ಲಿಷರ ಪ್ರವಾಸಿ ಹಡಗುಗಳು ಬರತೊಡಗಿದ್ದ ಕಾಲ ಅದು. ಹಡಗಿನಿಂದ ಇಳಿದವರಿಗೆಲ್ಲ ಪೋಸ್ಟ್‌ಕಾರ್ಡ್ ಬೇಕು. ಮೊಲ್ಡೆ ಪೇಟೆಯಲ್ಲಿ ಅವನ್ನು ಅಚ್ಚು ಹಾಕಿಸುತ್ತಿದ್ದ ಯಜಮಾನರು ನನ್ನನ್ನು ಕರೆಸಿ, “ಹೆರ್ಬೋರ್ಗ್, ಗಾಮ್ಲೆನ್ ಬೆಟ್ಟ ಬೇಕಮ್ಮ, ಅದರ ಕಾಲಡಿಯ ನದಿ ಸಮೇತ. ಇಲ್ಲೀವರೆಗೆ ಹೋದವರೆಲ್ಲ ಮೋಡದ ಚಿತ್ರ ತಂದಿದ್ದಾರೆ,” ಎಂದರು. ಗಾಮ್ಲೆನ್ ಎಂದರೆ ನಮ್ಮ ಮಾತಿನಲ್ಲಿ ಮುದುಕ. ಕಣಿವೆಯವರು ಆ ಬೆಟ್ಟವನ್ನು ಮನೆಯ ಹಿರಿಯನ ಹಾಗೆ ‘ಅವನು’ ಎಂದೇ ಕರೆಯುತ್ತಾರೆ.

ದೋಣಿಯಲ್ಲಿ ಕಡಲ ತೋಳಿನ ತುದಿಗೆ ಹೋಗಿ, ಅಲ್ಲಿಂದ ಕುದುರೆ ಗಾಡಿ ಹಿಡಿದು ಕಣಿವೆಯ ಕೊನೆಯ ಹೊಲ ತಲುಪಿದಾಗ ಮಳೆ ಹನಿಯುತ್ತಿತ್ತು. ನಾನು ಜಾಗ ಹುಡುಕುತ್ತ ನದಿಯ ದಂಡೆಯಲ್ಲಿ ನಡೆದೆ. ಆ ಹೊಲದ ಅಂಚಿನಲ್ಲೊಂದು ದಿಬ್ಬ. ಅದರ ಮೇಲೆ ನಿಂತರೆ ನದಿ ಎರಡೂ ಕೈ ಚಾಚಿದ ಹಾಗೆ ದೊಡ್ಡ ಬಾಗು ತೆಗೆದುಕೊಂಡು ಹರಿಯುವುದು ಪೂರ್ತಿ ಕಾಣುತ್ತಿತ್ತು. ಆಚೆ ದಡದಲ್ಲಿ ಬೆಟ್ಟ ಇರಬೇಕಾದ ಕಡೆ ಬೂದಿ ಬಣ್ಣದ ಗೋಡೆಯಂತೆ ಮೋಡ ನಿಂತಿತ್ತು. ಬೆಟ್ಟ ಕಾಣದಿದ್ದರೂ ಜಾಗ ಇದೇ ಎಂದು ನನಗೆ ಗೊತ್ತಾಗಿಹೋಯಿತು.

ಹೊಲದ ಒಡತಿ ಗೂರಿ ಎಂಬ ವಿಧವೆ. ವಯಸ್ಸಾಗಿತ್ತು, ಆದರೆ ಒಣಗಿದ ಬೇರಿನ ಹಾಗೆ ಗಟ್ಟಿ ಹೆಂಗಸು. ಮಗ ಕರಾವಳಿಗೆ ಮೀನು ಹಿಡಿಯಲು ಹೋಗಿದ್ದ. ಮನೆಯಲ್ಲಿದ್ದವರು ಗೂರಿ ಮತ್ತು ಸೊಸೆ ಓಲಾವಾ, ಇಬ್ಬರೇ. ನಾವು ಅಂಗಳಕ್ಕೆ ಹೋದಾಗ ಗೂರಿ ಹಾಲಿನ ಬಕೆಟ್ಟು ತೊಳೆಯುತ್ತಿದ್ದಳು. ನದಿಗೆ ಬೆನ್ನು. ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು.

“ಅಮ್ಮಾ, ನಿಮ್ಮ ದಿಬ್ಬದ ಮೇಲೆ ನಿಂತು ಗಾಮ್ಲೆನ್ ಚಿತ್ರ ತೆಗೀಬಹುದಾ?” ಎಂದೆ.

ಬಾಗಿಲಲ್ಲಿದ್ದ ಓಲಾವಾ ಬೇಡ ಬೇಡ ಎನ್ನುವಂತೆ ಕಣ್ಣು ಮಾಡಿದಳು. ಆದರೆ ಮಾತು ಆಗಲೇ ಬಾಯಿಂದ ಜಾರಿಬಿಟ್ಟಿತ್ತು. ಗೂರಿ ತಲೆ ಎತ್ತಲಿಲ್ಲ.

“ತಗೊಂಡು ಹೋಗು. ಬರೀ ಚಿತ್ರ ಯಾಕೆ, ಬೇಕಾದ್ರೆ ಬೆಟ್ಟಾನೇ ಕಿತ್ಕೊಂಡು ಹೋಗು. ನಿನ್ನ ಗಂಡ ಗಟ್ಟಿಮುಟ್ಟಾಗಿದ್ದಾನೆ, ಹೊರ್ತಾನೆ.”

“ಅಯ್ಯೋ ಅಮ್ಮ, ಅವಳ ತಲೇಲಿ ಹುಳ ಬಿಡಬೇಡಿ,” ಎಂದ ಐವಿಂಡ್. “ಹೊರು ಅಂದ್ರೂ ಅಂದಾಳು.”

ಗೂರಿಯ ತುಟಿಯ ಒಂದು ಮೂಲೆ ಕೊಂಚ ಸಡಿಲವಾಯಿತು. “ಹುಲ್ಲಿನ ಅಟ್ಟದಲ್ಲಿ ಮಲಗಿ. ಮಳೆ ಬಿಡೋವರೆಗೂ ಅವನು ಮುಖ ತೋರ್ಸಲ್ಲ,” ಎಂದು ಬಕೆಟ್ಟು ಬೋರಲು ಹಾಕಿ ಒಳಗೆ ಹೋದಳು.

ಮಳೆ ಬಿಡಲಿಲ್ಲ. ಬಿಟ್ಟರೂ ಮೋಡ ಬಿಡಲಿಲ್ಲ. ಕೂತು ಉಣ್ಣುವುದಕ್ಕೆ ನಾಚಿಕೆಯಾಗಿ ನಾವಿಬ್ಬರೂ ಹುಲ್ಲಿನ ಕೆಲಸಕ್ಕೆ ಇಳಿದೆವು. ಗೂಟ ನೆಟ್ಟು ತಂತಿ ಎಳೆದು, ಕೊಯ್ದ ಹಸಿ ಹುಲ್ಲನ್ನು ಬಟ್ಟೆ ಒಣಹಾಕುವ ಹಾಗೆ ಹರವುವ ಕೆಲಸ. ಗೂರಿ ನಮ್ಮ ಜೊತೆಗೇ ದುಡಿಯುತ್ತಿದ್ದಳು, ನಮಗಿಂತ ಚುರುಕಾಗಿ. ಆಗ ನಾನು ಗಮನಿಸಿದೆ: ತಂತಿಯ ಯಾವ ಕಡೆ ನಿಂತರೂ ಅವಳ ಬೆನ್ನು ನದಿಯ ಕಡೆಗೇ. ತಿರುಗಲೇಬೇಕಾಗಿ ಬಂದರೆ ಕಣ್ಣು ನೆಲಕ್ಕಿಳಿಯುತ್ತಿತ್ತು. ನೀರಿಗೆ ಹೋಗುವಾಗ ದಾರಿಯ ಕಲ್ಲುಗಳನ್ನೇ ನೋಡಿಕೊಂಡು ಹೋಗಿ, ಕಲ್ಲುಗಳನ್ನೇ ನೋಡಿಕೊಂಡು ಬರುತ್ತಿದ್ದಳು. ಬೆಟ್ಟವೇ ಕಾಣದ ದಿನಗಳಲ್ಲೂ ಹೀಗೆ.

ಓಲಾವಾ ಒಂದು ಮಧ್ಯಾಹ್ನ ನನಗೆ ಚಪ್ಪಟೆ ರೊಟ್ಟಿಗೆ ಬೆಣ್ಣೆ ಸವರಿಕೊಡುತ್ತ, ದನಿ ತಗ್ಗಿಸಿ ಹೇಳಿದಳು. ಗೂರಿಯ ಗಂಡ ಅಮುಂಡ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ ದಾಟಿ, ಆಚೆ ದಡದ ಹುಲ್ಲುಮನೆಯಿಂದ ಜಾರುಗಾಡಿಯಲ್ಲಿ ಹುಲ್ಲು ತರಲು ಹೋಗಿದ್ದ. ಬೆಟ್ಟದಿಂದ ಹಿಮ ಕುಸಿಯಿತು. ಅವನು, ಕುದುರೆ, ಹುಲ್ಲುಮನೆ ಎಲ್ಲ ಹೋಯಿತು. ಹೆಣ ಸಿಕ್ಕಿದ್ದು ವಸಂತದಲ್ಲಿ, ನದಿ ಕರಗಿದ ಮೇಲೆ.

“ನನ್ನ ಗಂಡ ಆಗ ತೊಟ್ಟಿಲ ಕೂಸು,” ಎಂದಳು ಓಲಾವಾ. “ಅವತ್ತಿನಿಂದ ಅತ್ತೆ ಆ ಕಡೆ ತಲೆ ಎತ್ತಿ ನೋಡಿಲ್ಲ. ಆಚೆ ದಡದ ಹುಲ್ಲುಗಾವಲೂ ಬಿಟ್ಟೇಬಿಟ್ರು. ದನಾನೆಲ್ಲ ಮನೆ ಹಿಂದಿನ ಗುಡ್ಡಕ್ಕೇ ಹೊಡೀತೀವಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದಿನ, ‘ಅತ್ತೆ, ಬೆಟ್ಟದ ಮೇಲೆ ಬಿಸಿಲು ನೋಡಿ’ ಅಂದಿದ್ದೆ. ವಾರಗಟ್ಟಲೆ ನನ್ನ ಹತ್ರ ಮಾತಾಡ್ಲಿಲ್ಲ.”

“ಹಾಗಾದ್ರೆ ನನಗ್ಯಾಕೆ ಒಪ್ಪಿಗೆ ಕೊಟ್ರು?”

“ಗೊತ್ತಿಲ್ಲಮ್ಮ. ನಾನೂ ಅದನ್ನೇ ಯೋಚನೆ ಮಾಡ್ತಿದೀನಿ.”

ಆಮೇಲೆ ದಿಬ್ಬದ ಕಡೆ ಹೋಗಲು ನನಗೇ ಕಾಲು ಬರಲಿಲ್ಲ. ಐವಿಂಡ್‌ನ ಹತ್ತಿರ, ಹಿಂದಿರುಗಿ ಹೋಗೋಣವೇ ಎಂದೆ. ಅವನು ಹುಲ್ಲಿನ ಗೂಟಕ್ಕೆ ಒರಗಿ ಯೋಚಿಸಿ, “ನನ್ನ ಅಣ್ಣ ಕಡಲಲ್ಲಿ ಹೋದ. ನಾನು ಮತ್ತೆ ದೋಣಿ ಹತ್ತಿದ್ದು ಯಾರೋ ಧೈರ್ಯ ಹೇಳಿದ್ರು ಅಂತಲ್ಲ. ಮೀನು ಬಂದಿತ್ತು, ಹತ್ತಿದೆ. ಇರು, ನೋಡೋಣ,” ಎಂದ. ಅವನು ಇಂಥ ಮಾತಾಡುವುದು ಅಪರೂಪ. ಇದ್ದೆವು.

ಒಂದು ಬೆಳಗ್ಗೆ ಅವನೇ ನನ್ನ ಭುಜ ಹಿಡಿದು ಅಲುಗಿಸಿದ.

“ಏಳೇ, ಬೇಗ ಏಳು. ನಿನ್ನ ಮುದುಕ ಎದ್ದಿದ್ದಾನೆ.”

ಬರಿಗಾಲಲ್ಲೇ ಅಂಗಳಕ್ಕೆ ಓಡಿದೆ. ಮಳೆ ನಿಂತಿತ್ತು. ಮೋಡ ನಡುವಿನಿಂದ ಸೀಳುತ್ತಿತ್ತು. ಕಪ್ಪು ಬಂಡೆಯ ಗೋಡೆಯೊಂದು ನದಿಯಿಂದ ನೇರವಾಗಿ ಎದ್ದು ನಿಂತದ್ದು ಕಂಡಿತು. ಅದರ ನೆತ್ತಿಯನ್ನು ಕಣ್ಣಲ್ಲೇ ಹುಡುಕಿದೆ, ಸಿಕ್ಕಿತು. ಅಬ್ಬಾ, ಇಷ್ಟೆತ್ತರವೇ ಎಂದುಕೊಳ್ಳುತ್ತಿರುವಾಗಲೇ ನಾನು ನೆತ್ತಿ ಎಂದುಕೊಂಡದ್ದರ ಮೇಲಿನ ಮೋಡ ಸರಿಯಿತು. ಅಲ್ಲಿ ಇನ್ನೂ ಬೆಟ್ಟವಿತ್ತು. ನಾನು ನೋಡಿದ್ದು ಅವನ ಮೊಣಕಾಲು. ಕತ್ತು ಹಿಂದಕ್ಕೆ ಹಾಕಿ, ಆಕಾಶ ಇರಬೇಕಾದ ಎತ್ತರದಲ್ಲಿ ಕಣ್ಣಿಟ್ಟರೆ ಅಲ್ಲಿ ಹೊಸ ಹಿಮ ಹೊದ್ದ ಹೆಗಲು, ಅದರ ಮೇಲೆ ಬಿಸಿಲು ಮುಟ್ಟಿದ ತಲೆ. ರಾತ್ರಿಯ ಮಳೆಯೆಲ್ಲ ಬಂಡೆಯ ಮೈಮೇಲಿಂದ ಬೆಳ್ಳಿ ಎಳೆಗಳಾಗಿ ಬೀಳುತ್ತಿತ್ತು. ಎಷ್ಟು ಎತ್ತರವೆಂದರೆ ನೀರು ಬೀಳುವುದು ನಿಧಾನವಾಗಿ ಕಾಣುತ್ತಿತ್ತು, ಯಾರೋ ಮೇಲಿಂದ ದಾರ ಬಿಡುತ್ತಿರುವಂತೆ. ಕೆಳಗೆ ಹಿಮನದಿ ಕರಗಿ ಬಂದ ಹಸಿರು ನೀರು, ಹಾಲು ಬೆರೆಸಿದ ಹಸಿರು, ಹಬೆಯಾಡುತ್ತ ಹರಿಯುತ್ತಿತ್ತು. ನನ್ನ ಕೆಲಸವೇ ಬೆಟ್ಟ ನೋಡುವುದು. ಆದರೂ ಎರಡೂ ತೋಳಿನಿಂದ ಮೈ ಅವುಚಿಕೊಂಡು ನಿಂತೆ.

“ಚಳಿಯಾ?” ಎಂದ ಐವಿಂಡ್.

“ಅಲ್ಲ.”

“ನನಗೂ ಅಲ್ಲ,” ಎಂದ. ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ದಿಬ್ಬದ ಮೇಲೆ ಸ್ಟ್ಯಾಂಡು ಊರಿ, ಕ್ಯಾಮೆರಾ ಕೂರಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ. ಕ್ಯಾಮೆರಾದ ಬೆನ್ನಿಗೆ ಮಸುಕು ಗಾಜೊಂದಿರುತ್ತದೆ. ಎದುರಿಗಿರುವುದೆಲ್ಲ ಅದರ ಮೇಲೆ ತಲೆಕೆಳಗಾಗಿ, ಬಣ್ಣ ಸಮೇತ, ಅಲುಗಾಡುತ್ತ ಮೂಡುತ್ತದೆ. ಗಾಜಿನ ಪ್ಲೇಟು ಹಾಕಿ, ಲೆನ್ಸಿನ ಮುಚ್ಚಳ ತೆಗೆದು, ಉಸಿರು ಹಿಡಿದು ಮತ್ತೆ ಮುಚ್ಚಿದೆ. ಒಂದು ಚಿತ್ರ ಆಯಿತು. ಬೆಳಕು ಇಳಿದು ನದಿಗೆ ಬರಲೆಂದು ಇನ್ನೊಂದಕ್ಕಾಗಿ ಬಟ್ಟೆಯೊಳಗೆ ಕಾಯುತ್ತ ನಿಂತೆ.

“ಕಾವಿಗೆ ಕೂತ ಕೋಳಿ ಥರ ಅದರೊಳಗೇನು ಮಾಡ್ತೀಯೆ?”

ಬಟ್ಟೆ ಸರಿಸಿದೆ. ಗೂರಿ ಕಾಫಿ ಕೆಟಲ್ ಹಿಡಿದು, ಬೆಟ್ಟಕ್ಕೆ ಬೆನ್ನು ಹಾಕಿ ನಿಂತಿದ್ದಳು. ಬಿಸಿಲು ಅವಳ ಬೆನ್ನಿನ ಮೇಲೆ ಬೀಳುತ್ತಿತ್ತು.

“ನೋಡ್ತಾ ಇದೀನಿ ಅಮ್ಮ.”

“ಬಟ್ಟೆ ಮುಚ್ಕೊಂಡು ನೋಡೋದಾ? ನಾನೂ ಅಷ್ಟು ನೋಡ್ತೀನಲ್ಲ,” ಎಂದು ತಲೆವಸ್ತ್ರ ಇನ್ನಷ್ಟು ಕೆಳಗೆಳೆದುಕೊಂಡಳು.

ಕಾಫಿಗೆ ಕೈ ಚಾಚಿದ್ದ ಐವಿಂಡ್ ಸುಮ್ಮನಿರಲಾರದೆ, “ಅವಳು ನೋಡೋದು ನೆಟ್ಟಗಲ್ಲ ಅಮ್ಮ. ಅದರೊಳಗೆ ಎಲ್ಲ ತಲೆಕೆಳಗು,” ಎಂದುಬಿಟ್ಟ.

ಗೂರಿ ಲೋಟಕ್ಕೆ ಬಗ್ಗಿಸುತ್ತಿದ್ದ ಕಾಫಿ ನಿಲ್ಲಿಸಿದಳು. “ತಲೆಕೆಳಗಾ?”

“ಹೌದು.”

“ಅವನೂ?”

“ಅವನೂ. ಕಾಲು ಮೇಲೆ, ತಲೆ ಕೆಳಗೆ.”

ಅವಳು ಮೂಗಿನಲ್ಲಿ ಒಂಥರಾ ನಕ್ಕಳು. ನಗು ಎಂದರೆ ನಗುವಲ್ಲ, ಗಂಟಲಲ್ಲಿ ಏನೋ ಸಿಕ್ಕಿದ್ದು ಹೊರಬಂದ ಹಾಗೆ. “ಕಾಲು ಕಟ್ಟಿ ನೇತುಹಾಕಿದ್ದೀಯಾ ಅನ್ನು. ಕುರಿ ಕಡಿದು ನೇತುಹಾಕ್ತಾರಲ್ಲ, ಹಂಗೆ. ಅದನ್ನ ನಾನು ನೋಡ್ಬೇಕು. ಸರಿ ಆಚೆ.”

ಬೆನ್ನು ತಿರುಗಿಸಿಕೊಂಡೇ ಹಿಂದಕ್ಕೆ ಹೆಜ್ಜೆ ಇಟ್ಟು ಬಂದಳು. ನಾನು ಬಟ್ಟೆ ಎತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿಕೊಂಡು ತಿರುಗಿ ಒಳಗೆ ತಲೆ ಹಾಕಿದಳು. ಬಟ್ಟೆಯನ್ನು ಸುತ್ತ ಮುಚ್ಚಿದೆ.

ಒಳಗಿಂದ ದನಿ ಬಂತು.

“ಏ... ನೀರು ಮೇಲಕ್ಕೆ ಹೋಗ್ತಾ ಇದೆ.”

“ತಲೆಕೆಳಗಲ್ವಾ ಅಮ್ಮ. ಬೀಳೋದು ಏರಿದ ಹಾಗೆ ಕಾಣುತ್ತೆ.”

“ಅವನ ಮೈಯಿಂದ ನೀರೆಲ್ಲ ಮೇಲಕ್ಕೆ ಹೋಗ್ತಾ ಇದೆ,” ಎಂದಳು, ನನ್ನ ಮಾತು ಕೇಳಿಸದವಳ ಹಾಗೆ. “ನದಿ ಆಕಾಶದಲ್ಲಿದೆ. ಅಯ್ಯೋ, ಇಷ್ಟು ಪುಟ್ಟಗೆ! ನನ್ನ ಎರಡು ಅಂಗೈಯೊಳಗೆ ಹಿಡೀತಾನೆ ಇವನು.”

ಅವಳ ಬೆರಳು ಗಾಜನ್ನು ಮೆಲ್ಲಗೆ ಮುಟ್ಟಿದ್ದು ಕೇಳಿಸಿತು. ನಾನು ಗಾಜಿನ ಮೇಲಿಟ್ಟು ನೋಡುವ ಭೂತಗನ್ನಡಿಯನ್ನು ಬಟ್ಟೆಯ ಸಂದಿಯಿಂದ ಒಳಗೆ ಕೊಟ್ಟೆ. ಅವಳು ಅದನ್ನು ಗಾಜಿನ ಮೇಲೆ ಸರಿಸುತ್ತ ಹೋದ ಸದ್ದು ಬಂತು.

“ಹೆರ್ಬೋರ್ಗ್.” ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಅವನ ಎಡ ಪಕ್ಕದಲ್ಲಿ, ಮೇಲಿಂದ ನದಿವರೆಗೂ ಬಂದಿರೋ ಆ ಹಸಿರು ಪಟ್ಟಿ ಏನು?”

ಗಾಜಿನಲ್ಲಿ ಎಡ ಬಲವೂ ಅದಲುಬದಲು. ನಾನು ಬಲಕ್ಕೆ ನೋಡಿದೆ. ಬಂಡೆಯ ಒಂದು ಕೊರಕಲಿನಿಂದ ಹೊರಟು ಕೆಳಗೆ ಅಗಲವಾಗುತ್ತ ಆಚೆ ದಡ ಮುಟ್ಟುವ ಎಳೆ ಹಸಿರಿನ ಪಟ್ಟಿ.

“ಬರ್ಚ್ ಮರಗಳು ಅಮ್ಮ.”

“ಅಲ್ಲಿ ಮರ ಇಲ್ಲ. ಅಲ್ಲಿ ಏನೂ ಇಲ್ಲ. ಎಲ್ಲ ಕೆರೆದುಕೊಂಡು ಹೋಗಿತ್ತು. ಬರೀ ಕಲ್ಲು.”

“ಈಗ ಇದೆ. ಪೂರ್ತಿ ತೋಪು.”

ಬಟ್ಟೆ ಅಲುಗಿತು. ಗೂರಿ ತಲೆ ಹೊರಗೆ ತೆಗೆದಳು. ತಲೆವಸ್ತ್ರ ಕತ್ತಿಗೆ ಜಾರಿತ್ತು, ಬಿಳಿ ಕೂದಲು ಕೆದರಿತ್ತು. ಅವಳ ಮುಖ ಬೆಟ್ಟದ ಕಡೆಗೇ ಇತ್ತು. ಈ ಸಲ ಅವಳು ಕಣ್ಣು ಇಳಿಸಲಿಲ್ಲ. ಮೊದಲು ನದಿ ನೋಡಿದಳು. ಆಮೇಲೆ ಮರಗಳು. ಆಮೇಲೆ ನಿಧಾನವಾಗಿ, ಏಣಿ ಹತ್ತುವ ಹಾಗೆ, ನೋಟ ಮೇಲಕ್ಕೆ ಹೋಯಿತು. ನನ್ನ ಹಾಗೆಯೇ ನೆತ್ತಿ ಸಿಕ್ಕಿತೆಂದು ನಿಂತು, ಅಲ್ಲವೆಂದು ತಿಳಿದು ಮತ್ತೆ ಹತ್ತಿತು. ಅವಳ ಬಾಯಿ ತೆರೆದುಕೊಂಡಿತು.

ಅವಳು ಹುಲ್ಲಿನ ಮೇಲೆ ಕುಸಿದು ಕೂತಳು. ಐವಿಂಡ್ ಹಿಡಿಯಲು ಹೋದ. ಬೇಡವೆಂದು ಕೈ ಆಡಿಸಿದಳು.

“ಅವತ್ತೂ ಹೀಗೇ ಬಿಸಿಲಿತ್ತು,” ಎಂದಳು. “ನಾನು ಅಂಗಳದಲ್ಲಿದ್ದೆ. ಮಗು ಕಂಕುಳಲ್ಲಿ. ಮೇಲೆ, ಆ ಕೊರಕಲ ಹತ್ರ, ಬೆಳ್ಳಗೆ ಹೊಗೆ ಎದ್ದ ಹಾಗಾಯ್ತು. ಹೂವು ಬಿಚ್ಕೊಂಡ ಹಾಗೆ ಬಿಚ್ಕೊಂತು, ಬಿಚ್ಕೊಂಡು ಕೆಳಗೆ ಬಂತು. ಬಿಸಿಲಲ್ಲಿ ಪುಡಿಯೆಲ್ಲ ಮಿನುಗ್ತಾ ಇತ್ತು. ಮಗೂಗೆ ಬೆರಳು ಮಾಡಿ ತೋರಿಸ್ದೆ. ‘ನೋಡೋ ಪುಟ್ಟ, ಎಷ್ಟು ಚೆಂದ’ ಅಂದೆ ಕಣಮ್ಮ. ಎಷ್ಟು ಚೆಂದ ಅಂದೆ. ಶಬ್ದ ಆಮೇಲೆ ಬಂತು.”

ನಾನು ಅವಳ ಪಕ್ಕದಲ್ಲಿ ಕೂತೆ. ಬಿಸಿಲು ಬೆಟ್ಟದ ಮೈ ಇಳಿದು ನದಿ ಮುಟ್ಟಿತು. ಇಡೀ ಬಾಗು ಒಮ್ಮೆಲೇ ಹೊತ್ತಿಕೊಂಡಂತೆ ಹೊಳೆಯಿತು. ನಾನು ಕಾಯುತ್ತಿದ್ದ ಬೆಳಕು ಅದೇ. ಏಳಬೇಕೋ ಬೇಡವೋ ತಿಳಿಯದೆ ಕೂತಿದ್ದಾಗ ಗೂರಿಯೇ ನನ್ನ ತೊಡೆಗೆ ಒಂದು ಏಟು ಕೊಟ್ಟಳು.

“ಏನು ಬಾಯಿ ಬಿಟ್ಕೊಂಡು ಕೂತಿದೀಯ? ತೆಗಿ. ಇಂಥಾದ್ದು ದಿನಾ ಬರಲ್ಲ.”

ತೆಗೆದೆ. ಚಿತ್ರ ಚೆನ್ನಾಗಿಯೇ ಬಂತು. ಮೊಲ್ಡೆಯ ಯಜಮಾನರು ಅದನ್ನೇ ಕಾರ್ಡಿಗೆ ಆರಿಸಿದರು. ಅದು ಎಷ್ಟೋ ಹಡಗು ಹತ್ತಿ ಎಲ್ಲೆಲ್ಲಿಗೋ ಹೋಯಿತು. ಅಂಗೈಯಗಲದ ಕಾಗದದಲ್ಲಿ ಬೆಟ್ಟ, ಬೀಳುವ ನೀರು, ನದಿಯ ಬಾಗು ಎಲ್ಲ ಇದೆ. ಬಣ್ಣವೊಂದಿಲ್ಲ.

ನಾನು ಪ್ಲೇಟು ಡಬ್ಬಕ್ಕೆ ಹಾಕಿ ತಿರುಗುವಷ್ಟರಲ್ಲಿ ಗೂರಿ ಎದ್ದು ನಿಂತು ಐವಿಂಡ್‌ನ ಕೈಗಳನ್ನು ಅಳೆಯುವಂತೆ ನೋಡುತ್ತಿದ್ದಳು.

“ಹುಟ್ಟು ಹಾಕ್ತೀಯೇನಪ್ಪ?”

“ಅದೊಂದೇ ಬರೋದು ಅಮ್ಮ ನನಗೆ.”

“ಹಾಗಾದ್ರೆ ದೋಣಿ ಇಳಿಸು. ಆ ಮರಗಳನ್ನ ನಾನು ಮುಟ್ಟಬೇಕು.”

ಮಗ ಮನೆಯಲ್ಲಿದ್ದಾಗ ನದಿಯಲ್ಲಿ ಮೀನು ಹಿಡಿಯಲು ಬಳಸುತ್ತಿದ್ದ ದೋಣಿ ದಡದಲ್ಲಿ ಬೋರಲು ಬಿದ್ದಿತ್ತು. ಮಳೆಗೆ ಉಬ್ಬಿದ ನದಿ. ಐವಿಂಡ್ ನೀರಿನ ಓಟ ನೋಡಿ ಮೇಲ್ಗಡೆಯಿಂದ ಓರೆಯಾಗಿ ದಾಟಿಸಿದ. ಕೈಯದ್ದಿದರೆ ಮೂಳೆ ನೋಯುವಷ್ಟು ತಣ್ಣಗಿನ ನೀರು. ಗೂರಿ ಮುಂದಿನ ಹಲಗೆಯ ಮೇಲೆ ಬೆಟ್ಟಕ್ಕೆ ಮುಖ ಮಾಡಿ ಕೂತಿದ್ದಳು, ಎರಡೂ ಕೈ ಅಂಚು ಹಿಡಿದು. ಹತ್ತಿರವಾದಷ್ಟೂ ಬೆಟ್ಟ ಬೆಳೆಯುತ್ತಿತ್ತು. ದೋಣಿ ಕಲ್ಲಿಗೆ ಉಜ್ಜಿ ನಿಂತಾಗ ಆಕಾಶದ ಅರ್ಧವೇ ಹೋಗಿತ್ತು.

ತೋಪಿನೊಳಗೆ ಬೆಳಕೆಲ್ಲ ಹಸಿರು. ಮರಗಳು ಸಣ್ಣವು, ಒತ್ತೊತ್ತಾಗಿ ಬೆಳೆದವು, ಬುಡ ಬಾಗಿದವು. ಪ್ರತಿ ಚಳಿಗಾಲವೂ ಹಿಮ ಅವನ್ನು ಮಲಗಿಸುತ್ತದೆ, ಪ್ರತಿ ವಸಂತವೂ ಅವು ಏಳುತ್ತವೆ. ಗೂರಿ ಒಂದೊಂದರ ಬಿಳಿ ತೊಗಟೆಯ ಮೇಲೂ ಕೈಯಿಡುತ್ತ ನಡೆದಳು, ದನದ ಕೊಟ್ಟಿಗೆಯಲ್ಲಿ ದಾಟುವಾಗ ಬೆನ್ನು ತಟ್ಟುತ್ತ ಹೋಗುವ ಹಾಗೆ. ಹುಲ್ಲುಮನೆಯ ಬುಡದ ಕಲ್ಲುಗಳು ಪಾಚಿ ಹೊದ್ದು ಇನ್ನೂ ಚೌಕವಾಗಿ ಕೂತಿದ್ದವು. ಅವುಗಳ ನಡುವೆಯೇ ಒಂದು ಮರ.

“ಅಮುಂಡ್‌ಗೆ ಈ ಜಾಗ ಅಂದ್ರೆ ಪ್ರಾಣ,” ಎಂದಳು. “ಕೆಲಸ ಇಲ್ದಿದ್ರೂ ಬರೋನು. ಈ ಮುದುಕನ್ನ ನೋಡ್ತಾ ಕೂತ್ಕೊಳ್ಳೋನು. ‘ಗಂಡಸಾಗಿ ಸೋಮಾರಿ ಥರ ಬೆಟ್ಟ ನೋಡ್ತಾ ಕೂತಿರ್ತೀಯಲ್ಲ’ ಅಂತ ಬೈತಿದ್ದೆ. ಅದನ್ನ ನಾನು ಮರೆತೇಬಿಟ್ಟಿದ್ದೆ ನೋಡು. ಇವನು ಕೊಂದ ಅನ್ನೋದೊಂದೇ ನೆನಪಿಟ್ಕೊಂಡು, ಅವನಿಗೆ ಇವನಂದ್ರೆ ಇಷ್ಟ ಅನ್ನೋದನ್ನ ಮರ್ತೆ.”

ಐವಿಂಡ್ ಕ್ಯಾಮೆರಾ ಹೊತ್ತು ತಂದಿದ್ದ. “ಎಲ್ಲಿ ಊರಲಿ?” ಎಂದ. ನಾನು ಮೇಲೆ ನೋಡಿದೆ. ಮರಗಳ ತುದಿಯಿಂದಾಚೆಗೆ ಬಂಡೆ, ಬಂಡೆ, ಬಂಡೆ. ಎಲ್ಲೂ ಮುಗಿಯುತ್ತಿರಲಿಲ್ಲ. ಬೀಳುವ ನೀರಿನ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬರುತ್ತಿತ್ತು. ಯಾವ ಲೆನ್ಸಿಗೂ ಆ ಮುದುಕ ಅಲ್ಲಿಂದ ಹಿಡಿಯುವವನಲ್ಲ. “ಇಳಿಸಿ ಇಡು,” ಎಂದೆ. “ಇಲ್ಲಿ ಆಗಲ್ಲ.”

ಆಗ ಗೂರಿ ಹುಲ್ಲುಮನೆಯ ಕಲ್ಲಿನ ಮೇಲೆ ಹತ್ತಿ ನಿಂತಳು. ಅಂಗೈಗಳನ್ನು ಬಾಯಿಯ ಎರಡು ಪಕ್ಕಕ್ಕೆ ಇಟ್ಟುಕೊಂಡು ಕೂಗಿದಳು. ಬೆಟ್ಟದ ಹುಲ್ಲುಗಾವಲುಗಳಲ್ಲಿ ನಮ್ಮ ಹೆಂಗಸರು ದನ ಕರೆಯುವ ಕೂಗು ಅದು. ಮಾತೂ ಅಲ್ಲ, ಹಾಡೂ ಅಲ್ಲ, ಗಂಟಲಿನ ತೀರ ಎತ್ತರದಿಂದ ಬಿಡುವ ದನಿ. ಮೊದಲಿನದು ನಡುವೆಯೇ ಒಡೆಯಿತು. ಕೆಮ್ಮಿ, ಉಗುಳಿ, ಮತ್ತೆ ಕೂಗಿದಳು. ಈ ಸಲ ಅದು ಎದ್ದಿತು. ಎದ್ದು, ಬಂಡೆಗೆ ಹೋಗಿ ತಾಗಿ, ತಡೆದು, ತಿರುಗಿ ಬಂತು. ಒಂದು ದನಿ ಕೊರಕಲಿನಿಂದ. ಇನ್ನೊಂದು ಅದಕ್ಕಿಂತ ಮೇಲಿಂದ. ಮತ್ತೊಂದು ಎಷ್ಟೋ ಹೊತ್ತಿನ ಮೇಲೆ, ಕಾಣದ ನೆತ್ತಿಯ ಕಡೆಯಿಂದ, ಎಳೆ ಹುಡುಗಿಯೊಬ್ಬಳು ಕೂಗಿದ ಹಾಗೆ ತೆಳ್ಳಗೆ. ಐವಿಂಡ್ ನನ್ನ ಕೈ ಹಿಡಿದುಕೊಂಡ. ಹಿಡಿದದ್ದು ಅವನಿಗೇ ಗೊತ್ತಿದ್ದಂತಿರಲಿಲ್ಲ.

“ಡಾಗ್ರೋಸ್! ಲಿಟಾಗೋ!” ಎಂದು ದನಗಳ ಹೆಸರು ಹಿಡಿದು ಕರೆದಳು. ಬೆಟ್ಟವೂ ಕರೆಯಿತು.

ಕೂಗು ಅಡಗಿದ ಮೇಲೆ ನೀರಿನ ಸದ್ದಷ್ಟೇ ಉಳಿಯಿತು. ಗೂರಿಯ ಕೆನ್ನೆಯೆಲ್ಲ ಒದ್ದೆಯಾಗಿತ್ತು, ಆದರೆ ಅವಳು ಅಳುತ್ತಿರಲಿಲ್ಲ, ಕಿವಿಗೊಟ್ಟು ನಿಂತಿದ್ದಳು. ಅಷ್ಟರಲ್ಲಿ ನದಿಯ ಆಚೆಯಿಂದ ಗಂಟೆಯ ಸದ್ದು. ಮನೆ ಹಿಂದಿನ ಗುಡ್ಡದಲ್ಲಿ ಮೇಯುತ್ತಿದ್ದ ಹಸುಗಳು ಒಂದರ ಹಿಂದೊಂದು ಅಂಗಳ ದಾಟಿ, ಒಣಹಾಕಿದ ಹುಲ್ಲನ್ನು ಕೆಡವಿಕೊಂಡು, ದಡಕ್ಕೆ ಬಂದು ನಿಂತಿದ್ದವು. ನಮ್ಮ ಕಡೆ ಮೂತಿ ಎತ್ತಿ ಅಂಬಾ ಎನ್ನುತ್ತಿದ್ದವು. ಓಲಾವಾ ಅವುಗಳ ಹಿಂದೆ ಓಡಿಬಂದವಳು ಹಣೆಗೆ ಕೈ ಹಿಡಿದು, ನಮ್ಮ ದಡದಲ್ಲಿ ಯಾರಿದ್ದಾರೆಂದು ನೋಡುತ್ತ ಅಲುಗದೆ ನಿಂತುಬಿಟ್ಟಳು.

“ಅಯ್ಯೋ ಪಾಪ,” ಎಂದಳು ಗೂರಿ, ಕಲ್ಲಿನಿಂದ ಇಳಿಯುತ್ತ. “ಹೊತ್ತಲ್ಲದ ಹೊತ್ತಲ್ಲಿ ಕರೆದುಬಿಟ್ಟೆ. ಬನ್ನಿ ಬನ್ನಿ, ಅವು ನೀರಿಗೆ ಇಳಿದಾವು.”

ಐವಿಂಡ್ ದೋಣಿಯನ್ನು ನೀರಿಗೆ ತಳ್ಳಿದ. ಈ ಸಲ ಗೂರಿ ಹಿಂದಿನ ಹಲಗೆಯ ಮೇಲೆ ಕೂತು, ಬೆಟ್ಟದ ಕಡೆಗೇ ಮುಖ ಮಾಡಿಕೊಂಡು ಬಂದಳು.